ಆಷಾಢದ ಗಾಳಿಗೆ ಯಾವ ಹಾಯಿ, ಯಾವ ಮಾಸ್ಟ್?

ಆಷಾಢ ಕಾಲಿಟ್ಟರೆ ರಾಮನಗರ ಸೀಮೆಯಲ್ಲಿ ಗಾಳಿಗೆ ಬಿಡುವಿಲ್ಲ. ಮಾಗಡಿಯ ದಿಣ್ಣೆಗಳ ಮೇಲಿನ ನೀಲಗಿರಿ ಮರಗಳು ಬೆಳಗಿನಿಂದ ಸಂಜೆಯವರೆಗೂ ಪೂರ್ವಕ್ಕೆ ಬಾಗಿಯೇ ಇರುತ್ತವೆ. ಚನ್ನಪಟ್ಟಣದ ತೋಟಗಳಲ್ಲಿ ಓಡಾಡುವವರು ತೆಂಗಿನ ಒಣಗರಿ ಯಾವಾಗ ಬೀಳುತ್ತದೋ ಎಂದು ಒಂದು ಕಣ್ಣು ಮೇಲಿಟ್ಟೇ ನಡೆಯುತ್ತಾರೆ. ಗಾಳಿಯ ಜೊತೆಗೆ ನೀರೂ ಇದೆ: ಅರ್ಕಾವತಿಗೆ ಮಂಚನಬೆಲೆ ಮತ್ತು ಹಾರೋಬೆಲೆ, ಕಣ್ವ ಹೊಳೆಗೆ 1946ರ ಕಣ್ವ ಜಲಾಶಯ, ಶಿಂಷಾಗೆ ಇಗ್ಗಲೂರು. ರಾಮದೇವರ ಬೆಟ್ಟ, ಸಾವನದುರ್ಗದ ಬಂಡೆಗಳನ್ನು ಹತ್ತಿ ಪಳಗಿದ ಹುಡುಗ ಹುಡುಗಿಯರಿಗೆ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ: ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ಗಾಳಿಯ ಬಲದಲ್ಲಿ ನೀರಿನ ಮೇಲೆ ಓಡುವ ವಿಂಡ್‌ಸರ್ಫಿಂಗ್ ಯಾಕೆ ಕಲಿಯಬಾರದು?

ಕಲಿಯಬಹುದು. ಆದರೆ ಜೋರು ಗಾಳಿಯಲ್ಲಿ ಈ ಆಟ ಕೈಕೊಡುವುದು ಧೈರ್ಯ ಸಾಲದೆ ಅಲ್ಲ; ಹಾಯಿಗೂ ಅದರ ಕಂಬವಾದ ಮಾಸ್ಟ್‌ಗೂ ಜೋಡಿ ಸೇರದೆ, ಇಲ್ಲವೇ ಗಾಳಿಗೆ ಮೀರಿದ ಹಾಯಿ ಕಟ್ಟಿದ್ದರಿಂದ. ಈ ಎರಡನ್ನೂ ನೀರಿಗಿಳಿಯುವ ಮೊದಲೇ, ಊರಿನ ಬಯಲಿನಲ್ಲೇ ಕಲಿತುಕೊಳ್ಳಬಹುದು. ಈ ಲೇಖನ ಇರುವುದು ಅದಕ್ಕಾಗಿ.

ಮೊದಲು ನೀರಿನ ಮಾತು

ಮಂಚನಬೆಲೆಯಲ್ಲಿ ಈಜಲು ಇಳಿದು ಸತ್ತವರ ಸುದ್ದಿಯನ್ನು ಈ ಭಾಗದವರು ಮತ್ತೆ ಮತ್ತೆ ಓದಿದ್ದಾರೆ. ನೀರಿಗಿಳಿಯಬಾರದು ಎಂಬ ಫಲಕ ಅಲ್ಲಿರುವುದು ಸುಮ್ಮನೆ ಅಲ್ಲ. ದಡದಿಂದ ನಾಲ್ಕು ಹೆಜ್ಜೆಗೆ ಆಳ, ಕಾಲು ಹೂತುಹೋಗುವ ಹೂಳು, ನೀರಿನಡಿ ಕಾಣದ ಬಂಡೆ, ಮೀನಿನ ಬಲೆ: ಇವೆಲ್ಲ ನಮ್ಮ ಒಳನಾಡಿನ ಅಣೆಕಟ್ಟುಗಳ ಸಾಮಾನ್ಯ ಗುಣ. ಹಲಗೆಯ ಅಡಿಯಲ್ಲಿರುವ ಫಿನ್ ಬಲೆಗೆ ಸಿಕ್ಕಿಕೊಂಡರೆ ಹಲಗೆ ತಟ್ಟನೆ ನಿಲ್ಲುತ್ತದೆ, ಸವಾರ ಮುಂದಕ್ಕೆ ಎಸೆಯಲ್ಪಡುತ್ತಾನೆ. ಹಾಗಾಗಿ ನೀರಾವರಿ ಅಧಿಕಾರಿಗಳ ಲಿಖಿತ ಅನುಮತಿ, ಮೋಟಾರು ದೋಣಿ ಮತ್ತು ಅದನ್ನು ಓಡಿಸಬಲ್ಲವರು ದಡದಲ್ಲಿ ಇಲ್ಲದೆ ಈ ಜಲಾಶಯಗಳಿಗೆ ಹಾಯಿ ಇಳಿಸುವ ಯೋಚನೆ ಬೇಡ. ತಿಪ್ಪಗೊಂಡನಹಳ್ಳಿ ಜಲಾಶಯವಂತೂ ಬೆಂಗಳೂರು ಜಲಮಂಡಳಿಯದು, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಕನಕಪುರದ ಸಂಗಮದಲ್ಲಿ ತೆಪ್ಪ ಹಾಕುವವರಿಗೆ ಕಾವೇರಿಯ ಸೆಳೆತದ ಅಂದಾಜು ಇರುತ್ತದೆ. ಹಾಯಿ ಹಿಡಿದ ಹೊಸಬರಿಗೆ ಆ ಹರಿವ ನೀರು ತಕ್ಕುದಲ್ಲ.

ಕಲಿಕೆಗೆ ಕರ್ನಾಟಕದಲ್ಲಿ ಬೇರೆ ನೀರಿದೆ. ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ, ಶರಾವತಿಯ ಹಿನ್ನೀರಿನ ಮೇಲೆ, ವಿಂಡ್‌ಸರ್ಫಿಂಗ್ ಬಹಳ ಕಾಲದಿಂದ ಪರಿಚಿತ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಾಯಿದೋಣಿಗಳು ಓಡಾಡುತ್ತವೆ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಜಲಸಾಹಸದ ತರಬೇತಿಗಳನ್ನು ನಡೆಸುತ್ತದೆ. ಹೊರಡುವ ಮೊದಲು ಆ ವರ್ಷ ತರಬೇತಿ ಇದೆಯೇ, ಹಾಯಿ ಮತ್ತು ಹಲಗೆ ಅಲ್ಲೇ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳಿ. ಆಷಾಢದಲ್ಲಿ ಕರಾವಳಿಯ ಆಸೆ ಬಿಡಿ. ಜೂನ್ ಮತ್ತು ಜುಲೈನಲ್ಲಿ ನಮ್ಮ ಕಡಲು ಯಾಂತ್ರಿಕ ಮೀನುಗಾರಿಕೆ ದೋಣಿಗಳಿಗೇ ನಿಷಿದ್ಧ.

ಗಾಳಿಯನ್ನು ಅಳೆಯುವುದು ಹೇಗೆ?

ಹವಾಮಾನ ವರದಿ ಗಾಳಿಯನ್ನು ಗಂಟೆಗೆ ಕಿಲೋಮೀಟರಿನಲ್ಲಿ ಹೇಳುತ್ತದೆ, ಹಾಯಿಯವರು ನಾಟ್‌ನಲ್ಲಿ ಮಾತಾಡುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಬಾಯಿಲೆಕ್ಕಕ್ಕೆ ಕಿಲೋಮೀಟರನ್ನು ಅರ್ಧ ಮಾಡಿ, ಸ್ವಲ್ಪ ಸೇರಿಸಿಕೊಳ್ಳಿ.

ಮೀಟರು ಕೈಯಲ್ಲಿಲ್ಲದಿದ್ದರೂ ಬೊಫೋರ್ಟ್ ಮಾಪನದ ಗುರುತುಗಳು ನಮ್ಮ ಹೊಲದ ಬದುವಿನಲ್ಲೇ ಸಿಗುತ್ತವೆ. ದೂಳು, ಕಾಗದ ಚೂರು ಮೇಲೆದ್ದು ಹೊಂಗೆಯ ಸಣ್ಣ ಕೊಂಬೆಗಳು ಆಡಿದರೆ 4ನೇ ಬಲ, ಅಂದರೆ ಗಂಟೆಗೆ 20ರಿಂದ 28 ಕಿ.ಮೀ. ಎಲೆ ತುಂಬಿದ ಚಿಕ್ಕ ಮರಗಳು ಇಡಿಯಾಗಿ ತೂಗಿದರೆ 5, ಅದು 29ರಿಂದ 38. ಹುಣಸೆಯ ದಪ್ಪ ಕೊಂಬೆಗಳೂ ಆಡಿ ಕೊಡೆ ಹಿಡಿಯುವುದು ಕಷ್ಟವಾದರೆ 6, ಅದು 39ರಿಂದ 49. ಮರಗಳೇ ಓಲಾಡಿ, ಗಾಳಿಗೆದುರು ನಡೆಯಲು ತ್ರಾಸವಾದರೆ 7, ಅದು 50ರಿಂದ 61. ಹೊಸಬರ ಪಾಠ 4ನೇ ಬಲಕ್ಕಿಂತ ಮೊದಲೇ ಮುಗಿಯಬೇಕು. ನಾಲ್ಕು ಮತ್ತು ಐದು ಕಲಿತವರ ಕಾಲ. ಆರನ್ನು ಪಳಗಿದವರಿಗೆ ಬಿಡಿ. ಏಳರಲ್ಲಿ ದಡದಲ್ಲಿ ಕೂತು ನೋಡುವುದೇ ವಾಸಿ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗಂಟೆಗೆ 36 ಕಿ.ಮೀ. ಗಾಳಿ ಎದುರಿಗೆ ಸಿಕ್ಕ ಪ್ರತಿ ಚದರ ಮೀಟರಿನ ಮೇಲೆ ಸುಮಾರು 6 ಕೆ.ಜಿ. ಭಾರ ಹಾಕುತ್ತದೆ. ಐದು ಚದರ ಮೀಟರಿನ ಹಾಯಿಗೆ ಅದು 30 ಕೆ.ಜಿ. ಅದೇ ಗಾಳಿ ಒಂದು ಬೀಸಿಗೆ 54ಕ್ಕೆ ಏರಿದರೆ ಭಾರ 60 ಕೆ.ಜಿ. ದಾಟುತ್ತದೆ. ಕೈಯಲ್ಲಿ ಹಿಡಿದಿದ್ದ ಅರ್ಧ ಮೂಟೆ ಕಣ್ಣು ಮಿಟುಕಿಸುವುದರೊಳಗೆ ಇಡೀ ಮೂಟೆಯಾಗುತ್ತದೆ. ಸಮುದ್ರಮಟ್ಟದಿಂದ ಏಳೆಂಟು ನೂರು ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ಗಾಳಿ ಕರಾವಳಿಗಿಂತ ಶೇ 8ರಷ್ಟು ತೆಳು, ಅಷ್ಟರ ಮಟ್ಟಿಗೆ ಎಳೆತವೂ ಕಡಿಮೆ. ಆದರೆ ಅದನ್ನು ನೆಚ್ಚಿ ದೊಡ್ಡ ಹಾಯಿ ಕಟ್ಟುವಂತಿಲ್ಲ. ಕಾರಣ ಬೆಟ್ಟಗಳು.

ಕಡಲ ಗಾಳಿ ಒಂದೇ ಸಮ ಬೀಸುತ್ತದೆ. ನಮ್ಮದು ಬಂಡೆಗಳ ಸಂದಿಯಿಂದ ಬರುವ ಗಾಳಿ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗದಂಥ ಬಂಡೆಯನ್ನು ಬಳಸಿ ಬಂದ ಪಡುವಣ ಗಾಳಿ ಮರೆಯಲ್ಲಿ ಸುಳಿಯುತ್ತದೆ, ಸಂದಿಯಲ್ಲಿ ನುಗ್ಗುತ್ತದೆ. ಗುಡ್ಡ ಸುತ್ತಲ ನೆಲದಿಂದ ಎದ್ದಿರುವ ಎತ್ತರದ ಹತ್ತಿಪ್ಪತ್ತು ಪಟ್ಟು ದೂರದವರೆಗೂ ಈ ಏರಿಳಿತ ಇರಬಹುದು. ಇಂಥ ಕಡೆ ಹಾಯಿಯನ್ನು ಆರಿಸಬೇಕಾದದ್ದು ಸರಾಸರಿ ಗಾಳಿಗಲ್ಲ, ಬೀಸಿನ ತುದಿಗೆ.

ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಗಾಳಿ ಇನ್ನೊಂದು ಬಗೆ. ಮಾವು ಉದುರಿಸುವ ಆ ಗಾಳಿ ಸಂಜೆ ಗುಡುಗಿನ ಮೋಡದ ಅಡಿಯಿಂದ, ಅದುವರೆಗೆ ಬೀಸುತ್ತಿದ್ದ ದಿಕ್ಕಿಗೆ ವಿರುದ್ಧವಾಗಿ, ದೂಳೆಬ್ಬಿಸಿಕೊಂಡು ನುಗ್ಗುತ್ತದೆ. ಅದಕ್ಕೆ ಯಾವ ಹಾಯಿಯೂ ಸರಿಯಲ್ಲ. ಗುಡುಗು ಕೇಳಿದ ಕೂಡಲೇ ನೀರಿನಿಂದ ಹೊರಗೆ ಬನ್ನಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮತ್ತೆ ಇಳಿಯಬೇಡಿ. ಕಾರ್ಬನ್ ಮಾಸ್ಟ್ ವಿದ್ಯುತ್ತನ್ನು ಹರಿಸುತ್ತದೆ, ಬಯಲು ನೀರಿನ ಮೇಲೆ ಎಲ್ಲಕ್ಕಿಂತ ಎತ್ತರದಲ್ಲಿರುವುದೂ ಅದೇ.

ಎಷ್ಟು ಚದರ ಮೀಟರ್?

ಹಾಯಿಯ ಗಾತ್ರವನ್ನು ಚದರ ಮೀಟರಿನಲ್ಲಿ ಬರೆದಿರುತ್ತಾರೆ: 3.7, 4.7, 5.3, 6.5 ಹೀಗೆ. ಹಲಗೆಯನ್ನು ನೀರಿನ ಮೇಲೆ ಜಾರಿಸಿ ಓಡಿಸಬಲ್ಲ ಅನುಭವಿಗಳು ಬಳಸುವ ಒಂದು ಒರಟು ಲೆಕ್ಕವಿದೆ. ನಿಮ್ಮ ತೂಕವನ್ನು 1.34ರಿಂದ ಗುಣಿಸಿ, ಗಾಳಿಯ ನಾಟ್‌ನಿಂದ ಭಾಗಿಸಿ. 70 ಕೆ.ಜಿ. ತೂಕದವರಿಗೆ 15 ನಾಟ್ ಗಾಳಿಗೆ 6.3, 20 ನಾಟ್‌ಗೆ 4.7, 25 ನಾಟ್‌ಗೆ 3.8 ಬರುತ್ತದೆ. ಬೆಟ್ಟದ ಸುಳಿಗಾಳಿಯಲ್ಲಿ ಇದಕ್ಕಿಂತ ಒಂದು ಗಾತ್ರ ಚಿಕ್ಕದು ಹಿಡಿಯಿರಿ. ಕಲಿಯುವವರಿಗೆ ಈ ಲೆಕ್ಕ ಬೇಡ. 160 ಲೀಟರಿಗೆ ಮೇಲ್ಪಟ್ಟ ಗಾತ್ರದ ಅಗಲ ಹಲಗೆ, 3.5ರಿಂದ 4.5ರ ಒಳಗಿನ ಹಾಯಿ, ಗಂಟೆಗೆ 10ರಿಂದ 18 ಕಿ.ಮೀ. ಗಾಳಿ. ಇಷ್ಟು ಸಾಕು.

ಒಲಿಂಪಿಕ್ಸ್‌ನಲ್ಲಿ ದೊಡ್ಡ ಹಾಯಿ ನೋಡಿ ಆಸೆಪಡಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಐಕ್ಯೂಫಾಯಿಲ್ ವರ್ಗದಲ್ಲಿ ಗಂಡಸರಿಗೆ 9, ಹೆಂಗಸರಿಗೆ 8 ಚದರ ಮೀಟರಿನ ಹಾಯಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಈಬಾದ್ ಅಲಿ ಕಂಚು ಗೆದ್ದ ಆರ್‌ಎಸ್:ಎಕ್ಸ್ ವರ್ಗದಲ್ಲಿ ಗಂಡಸರ ಹಾಯಿ 9.5. ಸ್ಪರ್ಧೆಯಲ್ಲಿ ಎಲ್ಲ ಗಾಳಿಗೂ ಒಂದೇ ಹಾಯಿ ಎಂಬ ನಿಯಮವಿದೆ, ಅವರ ಮೈ ಅದಕ್ಕೆ ವರ್ಷಗಟ್ಟಲೆ ಹದಗೊಂಡಿರುತ್ತದೆ. ನಮಗೆ ಅಂಥ ನಿಯಮವೇನೂ ಇಲ್ಲ, ಹಾಯಿ ಬದಲಿಸಬಹುದು.

ಮಾಸ್ಟ್‌ನಲ್ಲಿ ನೋಡಬೇಕಾದ್ದು

ಹಾಯಿಯನ್ನು ನಿಲ್ಲಿಸುವ ಕಂಬವೇ ಮಾಸ್ಟ್. ವಿಂಡ್‌ಸರ್ಫಿಂಗ್‌ನಲ್ಲಿ ಅದು ನೆಟ್ಟಗೆ ನಿಲ್ಲುವುದಿಲ್ಲ. ಕೆಳಗಿನ ಹಗ್ಗ ಎಳೆದಾಗ ಅದು ಬಾಗಬೇಕು, ಬಾಗಿದ ಕಂಬವೇ ಹಾಯಿಗೆ ಆಕಾರ ಕೊಡಬೇಕು. ಬಿಲ್ಲಿಗೂ ನಾಣಿಗೂ ಇರುವ ನಂಟೇ ಇಲ್ಲೂ ಇರುವುದು: ಒಂದನ್ನು ಬಿಟ್ಟು ಇನ್ನೊಂದನ್ನು ಒಳ್ಳೆಯದು ಅನ್ನಲಾಗದು. ಹಾಯಿ ಹೊಲಿದವರು ಒಂದು ನಿರ್ದಿಷ್ಟ ಬಾಗನ್ನು ಮನಸ್ಸಿನಲ್ಲಿಟ್ಟು ಬಟ್ಟೆ ಕತ್ತರಿಸಿರುತ್ತಾರೆ. ಆ ಬಾಗು ಕೊಡದ ಮಾಸ್ಟ್ ಎಷ್ಟೇ ದುಬಾರಿಯಾದರೂ ಆ ಹಾಯಿಯ ಮಟ್ಟಿಗೆ ದಂಡ.

ನೋಡಬೇಕಾದ ಗುಣ ನಾಲ್ಕು.

ಉದ್ದ. 370, 400, 430, 460, 490 ಸೆಂ.ಮೀ. ಉದ್ದದ ಮಾಸ್ಟ್‌ಗಳು ಚಾಲ್ತಿಯಲ್ಲಿವೆ. ಸುಮಾರಾಗಿ 3ರಿಂದ 4.7ರವರೆಗಿನ ಹಾಯಿಗೆ 370, ನಾಲ್ಕೂಕಾಲಿನಿಂದ 5.8ರವರೆಗೆ 400, ಐದೂವರೆಯಿಂದ 7ರವರೆಗೆ 430. ಜೋರು ಗಾಳಿಯವರಿಗೆ 370 ಮತ್ತು 400 ಇದ್ದರೆ ಸಾಕು.

ಬಿಗಿ. ಇದಕ್ಕೆ ಐಎಂಸಿಎಸ್ ಎಂಬ ಅಂಕಿ ಇದೆ. 370ಕ್ಕೆ 17, 400ಕ್ಕೆ 19, 430ಕ್ಕೆ 21, 460ಕ್ಕೆ 25, 490ಕ್ಕೆ 29 ಸಾಮಾನ್ಯ ಜೋಡಿ. ಅಂಕಿ ಹೆಚ್ಚಿದಷ್ಟೂ ಮಾಸ್ಟ್ ಗಡುಸು.

ಬಾಗುವ ರೀತಿ. ಎರಡು ಮಾಸ್ಟ್‌ಗಳ ಬಿಗಿ ಒಂದೇ ಇದ್ದರೂ ಒಂದು ಸಮನಾಗಿ ಬಾಗಬಹುದು, ಇನ್ನೊಂದು ತುದಿಯಲ್ಲೇ ಹೆಚ್ಚು ಬಾಗಬಹುದು. ಸಮನಾಗಿ ಬಾಗುವುದು ಕಾನ್‌ಸ್ಟಂಟ್ ಕರ್ವ್, ತುದಿ ಮೆತ್ತಗಿರುವುದು ಫ್ಲೆಕ್ಸ್ ಟಾಪ್, ತುದಿ ಗಡುಸಾಗಿರುವುದು ಹಾರ್ಡ್ ಟಾಪ್. ಕೊಳ್ಳುವವರು ಎಡವುವುದು ಹೆಚ್ಚಾಗಿ ಇಲ್ಲೇ. ಉದ್ದ ಸರಿಯಿದೆ, ಬಿಗಿಯೂ ಸರಿಯಿದೆ ಎಂದು ಬೇರೆ ಕಂಪನಿಯ ಮಾಸ್ಟ್ ತಂದು ಏರಿಸುತ್ತಾರೆ, ಬಾಗು ಹೊಂದುವುದಿಲ್ಲ.

ದಪ್ಪ. ಸಾಮಾನ್ಯ ದಪ್ಪದ ಎಸ್‌ಡಿಎಂ, ಸಣ್ಣ ದಪ್ಪದ ಆರ್‌ಡಿಎಂ ಎಂಬ ಎರಡು ಬಗೆ. ಆರ್‌ಡಿಎಂ ಕೈಗೆ ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ, ಗೋಡೆ ದಪ್ಪಗಿರುವುದರಿಂದ ಪೆಟ್ಟನ್ನೂ ತಡೆಯುತ್ತದೆ. ಜೋರು ಗಾಳಿಯ ಚಿಕ್ಕ ಹಾಯಿಗಳಿಗೆ ಹೆಚ್ಚಾಗಿ ಇದೇ. ಬುಡಕ್ಕೆ ತೂರಿಸುವ ಎಕ್ಸ್‌ಟೆನ್ಷನ್ ಇವೆರಡಕ್ಕೂ ಬೇರೆ ಬೇರೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಇದರ ಜೊತೆಗೆ ಮಾಸ್ಟ್ ಮೇಲೆ ಸಿ30, ಸಿ75, ಸಿ100 ಎಂದು ಬರೆದಿರುತ್ತದೆ. ಅದು ಕಾರ್ಬನ್‌ನ ಶೇಕಡಾ ಪ್ರಮಾಣ. ಕಾರ್ಬನ್ ಹೆಚ್ಚಿದಷ್ಟೂ ಹಗುರ, ಬೀಸು ಹೋದ ಕೂಡಲೇ ಚುರುಕಾಗಿ ನೆಟ್ಟಗಾಗುತ್ತದೆ, ಬೆಲೆಯೂ ಏರುತ್ತದೆ. ಕಲಿಯುವವರಿಗೆ ಸಿ30ರಿಂದ ಸಿ75ರ ನಡುವಿನದು ಸಾಕು.

ಹಾಯಿಯ ಬುಡದಲ್ಲಿ ಇಷ್ಟನ್ನೂ ಅಚ್ಚು ಹಾಕಿರುತ್ತಾರೆ. ಒಂದು 5.3ರ ಹಾಯಿಯಲ್ಲಿ ಲಫ್ 428, ಬೂಮ್ 173, ಮಾಸ್ಟ್ 400, ಐಎಂಸಿಎಸ್ 19 ಎಂದಿದೆ ಅನ್ನಿ. ಲಫ್ ಎಂದರೆ ಮಾಸ್ಟ್ ತೂರುವ ಅಂಚಿನ ಉದ್ದ. 428ರಲ್ಲಿ 400 ಕಳೆದರೆ 28. ಎಕ್ಸ್‌ಟೆನ್ಷನ್ನಿನ ಪಿನ್ನನ್ನು 28ರ ತೂತಿಗೆ ಇಡಬೇಕು. ಬೂಮ್ ಎಂದರೆ ಕೈಯಲ್ಲಿ ಹಿಡಿಯುವ ಅಡ್ಡ ಕಂಬಿ, ಅದನ್ನು 173ಕ್ಕೆ ಹೊಂದಿಸಬೇಕು. ಈ ನಾಲ್ಕು ಅಂಕಿಯನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಮಾಸ್ಟ್ ಕೊಳ್ಳಲು ಹೋದಾಗ ಊಹೆಯ ಕೆಲಸವಿಲ್ಲ.

ಜೋಡಿ ತಪ್ಪಿದರೆ

ಮಾಸ್ಟ್ ಅತಿ ಗಡುಸಾದರೆ ಎಷ್ಟು ಎಳೆದರೂ ಹಾಯಿಯ ಮೇಲ್ಭಾಗ ಸಡಿಲಾಗುವುದಿಲ್ಲ. ಬೀಸು ಬಂದಾಗ ತುದಿ ಹಿಂದಕ್ಕೆ ಬಾಗಿ ಗಾಳಿಯನ್ನು ಬಿಟ್ಟುಕೊಡಬೇಕಿತ್ತು, ಹಾಗೆ ಬಿಡದೆ ಅಷ್ಟನ್ನೂ ಬೂಮ್‌ನ ಹಿಂಬದಿ ಹಿಡಿದ ನಿಮ್ಮ ಹಿಂಗೈ ಮೇಲೆ ಹಾಕುತ್ತದೆ. ಅತಿ ಮೆತ್ತಗಾದರೆ ಬೀಸಿಗೊಮ್ಮೆ ಹಾಯಿಯ ಹೊಟ್ಟೆ ಹಿಂದಕ್ಕೆ ಸರಿಯುತ್ತದೆ, ಎಳೆತದ ಕೇಂದ್ರ ಅಲೆದಾಡುತ್ತದೆ, ಎರಡೂ ಕೈ ಅದನ್ನು ಹುಡುಕುತ್ತಲೇ ಇರಬೇಕಾಗುತ್ತದೆ. ಸಮ ಬಾಗಿನ ಹಾಯಿಗೆ ಫ್ಲೆಕ್ಸ್ ಟಾಪ್ ಹಾಕಿದರೆ ಮೇಲೆ ಪಟಪಟ ಬಡಿಯುತ್ತದೆ, ಕೆಳಗೆ ಹೊಟ್ಟೆ ಹಾಗೇ ಉಳಿಯುತ್ತದೆ. ಫ್ಲೆಕ್ಸ್ ಟಾಪ್ ಹಾಯಿಗೆ ಹಾರ್ಡ್ ಟಾಪ್ ಹಾಕಿದರೆ ತುದಿ ಬಿಗಿದು ಇಡೀ ಹಾಯಿ ಭಾರ ಅನ್ನಿಸುತ್ತದೆ.

ಸಣ್ಣ ಗಾಳಿಯಲ್ಲಿ ಈ ದೋಷಗಳು ಅಷ್ಟಾಗಿ ಗೊತ್ತಾಗುವುದಿಲ್ಲ. 20 ನಾಟ್ ದಾಟಿದ ಮೇಲೆ ಒಂದೊಂದೇ ಹೊರಬೀಳುತ್ತವೆ. ಆಗ ಹಗ್ಗ ಬಿಗಿದು, ಸಡಿಲಿಸಿ, ಬೂಮ್ ಮೇಲೆ ಕೆಳಗೆ ಮಾಡಿ ಸರಿಪಡಿಸಲು ನೋಡುವುದು ವ್ಯರ್ಥ. ಮಾಸ್ಟ್ ಒಂದು ಹಂತ ಉದ್ದವಾದರೆ ಸಹಿಸಬಹುದು, ಹಲವು ಹಾಯಿಗಳ ತುದಿಯಲ್ಲಿ ಅದಕ್ಕೆಂದೇ ಹೊಂದಿಸುವ ಪಟ್ಟಿ ಇರುತ್ತದೆ. ಬಾಗು ತಪ್ಪಿದ್ದಕ್ಕೆ ಮಾತ್ರ ಪರಿಹಾರವಿಲ್ಲ.

ಅಂಕಿ ಅಳಿಸಿಹೋಗಿದ್ದರೆ

ಕೈ ಬದಲಾಗಿ ಬಂದ ಹಳೆಯ ಮಾಸ್ಟ್‌ಗಳಲ್ಲಿ ಬರಹ ಉಜ್ಜಿಹೋಗಿರುತ್ತದೆ. ಅದರ ಗುಣವನ್ನು ಮನೆಯ ಜಗಲಿಯಲ್ಲೇ ಕಂಡುಹಿಡಿಯಬಹುದು.

ಎರಡೂ ತುಂಡು ಸೇರಿಸಿದ ಮಾಸ್ಟನ್ನು ಎರಡು ಬೆಂಚುಗಳ ಮೇಲೆ, ತುದಿಗಳು ಮಾತ್ರ ಆನುವಂತೆ, ಮಲಗಿಸಿ. ತುದಿಯಿಂದ ತುದಿಗೆ ಒಂದು ದಾರ ಬಿಗಿದು ಕಟ್ಟಿ. ನಡುಮಧ್ಯಕ್ಕೆ 30 ಕೆ.ಜಿ. ತೂಗಿದ ರಾಗಿ ಚೀಲವನ್ನು ಅಗಲದ ಪಟ್ಟಿಯಿಂದ ನಿಧಾನವಾಗಿ ತೂಗುಬಿಡಿ. ಹಳೆಯ ಮಾಸ್ಟ್ ಮುರಿದರೂ ಮುರಿಯಬಹುದು, ಕಾಲು ಅಡಿಯಲ್ಲಿರದಂತೆ ನೋಡಿಕೊಳ್ಳಿ. ಈಗ ಸಡಿಲಾದ ದಾರವನ್ನು ಮತ್ತೆ ಬಿಗಿದು, ಅದರಿಂದ ಮಾಸ್ಟ್ ಎಷ್ಟು ಕೆಳಗೆ ಬಾಗಿದೆ ಎಂದು ಮೂರು ಕಡೆ ಅಳೆಯಿರಿ: ನಡುವೆ, ಬುಡದಿಂದ ಕಾಲುಭಾಗದಲ್ಲಿ, ತುದಿಯಿಂದ ಕಾಲುಭಾಗದಲ್ಲಿ.

ಬಿಗಿಯ ಅಂಕಿ ಸಿಗುವುದು ಹೀಗೆ: ಸೆಂ.ಮೀ.ನಲ್ಲಿರುವ ಉದ್ದವನ್ನು ಅದರಿಂದಲೇ ಎರಡು ಸಲ ಗುಣಿಸಿ (ಉದ್ದ × ಉದ್ದ × ಉದ್ದ), 2,16,000ದಿಂದ ಭಾಗಿಸಿ, ಬಂದದ್ದನ್ನು ನಡುವಿನ ಬಾಗಿನಿಂದ ಭಾಗಿಸಿ. 400 ಸೆಂ.ಮೀ. ಮಾಸ್ಟ್ ನಡುವೆ 15.6 ಸೆಂ.ಮೀ. ಬಾಗಿದರೆ ಅಂಕಿ 19. ಅದೇ 13 ಸೆಂ.ಮೀ. ಮಾತ್ರ ಬಾಗಿದರೆ 23ರ ಹತ್ತಿರ, ಅಂದರೆ ಆ ಉದ್ದಕ್ಕೆ ಅತಿ ಗಡುಸು.

ಬಾಗಿನ ರೀತಿ ತಿಳಿಯಲು ಕಾಲುಭಾಗದ ಎರಡೂ ಅಳತೆ ನಡುವಿನ ಬಾಗಿನ ಶೇಕಡಾ ಎಷ್ಟು ಎಂದು ನೋಡಿ, ತುದಿಯದರಲ್ಲಿ ಬುಡದ್ದನ್ನು ಕಳೆಯಿರಿ. ಬುಡದಲ್ಲಿ 10 ಸೆಂ.ಮೀ. ಅಂದರೆ ಶೇ 64, ತುದಿಯಲ್ಲಿ 11.9 ಅಂದರೆ ಶೇ 76, ವ್ಯತ್ಯಾಸ 12. ಹತ್ತರಿಂದ ಹನ್ನೆರಡರ ಆಸುಪಾಸು ಬಂದರೆ ಕಾನ್‌ಸ್ಟಂಟ್ ಕರ್ವ್, ಅದಕ್ಕಿಂತ ಕಡಿಮೆ ಬಂದರೆ ಹಾರ್ಡ್ ಟಾಪ್, ಮೀರಿದರೆ ಫ್ಲೆಕ್ಸ್ ಟಾಪ್.

ಕೊಳ್ಳುವ ಮೊದಲು ಇನ್ನೂ ಕೆಲವು ಪರೀಕ್ಷೆ. ಮೇಲಿನ ಮತ್ತು ಕೆಳಗಿನ ತುಂಡು ಒಂದೇ ಕಂಪನಿಯ ಒಂದೇ ಮಾದರಿಯದಾಗಿರಲಿ. ಒಳಗೆ ಟಾರ್ಚ್ ಬಿಟ್ಟು ಬಿರುಕು ಹುಡುಕಿ. ನಾಣ್ಯದಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಎನ್ನುತ್ತಿದ್ದದ್ದು ಒಂದೆಡೆ ಮಂಕಾದರೆ ಅಲ್ಲಿ ಪದರ ಬಿಟ್ಟಿದೆ. ಬೂಮ್ ಕಚ್ಚಿಕೊಳ್ಳುವ ಜಾಗವನ್ನು ಉಗುರಿನಿಂದ ಸವರಿ, ಮಾಸ್ಟ್‌ಗಳು ಹೆಚ್ಚಾಗಿ ಮುರಿಯುವುದು ಅಲ್ಲೇ. ಹಾಯಿಯ ಪಾರದರ್ಶಕ ಹಾಳೆ ಹಳದಿಗಟ್ಟಿ ಗರಿಗರಿ ಸದ್ದು ಮಾಡಿದರೆ ಬಿಸಿಲು ಅದನ್ನು ತಿಂದಿದೆ ಎಂದರ್ಥ.

ಬಯಲಿನಲ್ಲಿ ಕಟ್ಟಿ ಕಲಿಯಿರಿ

ಶಾಲೆಯ ಮೈದಾನ, ಕೊಯ್ಲಾದ ಹೊಲ ಯಾವುದಾದರೂ ಆದೀತು. ಮೊದಲು ತಲೆಯೆತ್ತಿ ನೋಡಿ. ಮೇಲೆ ಅಥವಾ ಹತ್ತಿರದಲ್ಲಿ ಕರೆಂಟಿನ ತಂತಿ ಹಾದಿದ್ದರೆ ಆ ಜಾಗ ಬಿಡಿ. ನಾಲ್ಕು ಮೀಟರಿನ ಕಾರ್ಬನ್ ಕಂಬವನ್ನು ಗಾಳಿಯಲ್ಲಿ ಎತ್ತಿ ನಿಲ್ಲಿಸುವಾಗ ಅದು ಎತ್ತ ವಾಲುತ್ತದೆಂದು ಹೇಳಲಾಗದು.

ಕ್ರಮ ಹೀಗಿರಲಿ. ಮಾಸ್ಟ್‌ನ ಎರಡು ತುಂಡು ಸೇರುವ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಂದು ಮರಳಿನ ಕಾಳು ಉಳಿದರೂ ಆಮೇಲೆ ಬಿಚ್ಚಲು ಬರುವುದಿಲ್ಲ. ಸೇರಿಸಿ ಟೇಪು ಸುತ್ತಿ. ಮಾಸ್ಟ್ ತೂರುವ ಅಂಚು ಗಾಳಿಯ ಕಡೆಗೆ ಬರುವಂತೆ ಹಾಯಿ ಬಿಡಿಸಿ. ಮಾಸ್ಟ್ ತೂರಿಸಿ, ಅದರ ತುದಿ ಹಾಯಿಯ ಮೇಲ್ತುದಿಯ ಟೋಪಿಯೊಳಗೆ ಕೂತಿದೆಯೇ ನೋಡಿ. ಎಕ್ಸ್‌ಟೆನ್ಷನ್ ಹಾಕಿ, ಕೆಳಗೆಳೆಯುವ ಡೌನ್‌ಹಾಲ್ ಹಗ್ಗವನ್ನು ರಾಟೆಗಳಲ್ಲಿ ಒಂದರ ಮೇಲೊಂದು ಹತ್ತದಂತೆ ಪೋಣಿಸಿ, ಅರ್ಧ ಬಿಗಿ ಮಾಡಿ. ಬೂಮನ್ನು ಭುಜ ಮತ್ತು ಗಲ್ಲದ ನಡುವಿನ ಎತ್ತರಕ್ಕೆ ಕಚ್ಚಿಸಿ. ಈಗ ಡೌನ್‌ಹಾಲನ್ನು ಪೂರ್ತಿ ಎಳೆಯಿರಿ. ನೆಲದ ಮೇಲೆ ಕೂತು, ಒಂದು ಕಾಲನ್ನು ಎಕ್ಸ್‌ಟೆನ್ಷನ್‌ಗೆ ಒದೆಕೊಟ್ಟು, ಹಿಡಿಕೋಲಿಗೆ ಹಗ್ಗ ಸುತ್ತಿ ಸೊಂಟದಿಂದ ಹಿಂದಕ್ಕೆ ವಾಲಿ. ಬರಿಗೈಗೆ ಸುತ್ತಿಕೊಂಡರೆ ಚರ್ಮ ಕಿತ್ತು ಬರುತ್ತದೆ.

ಸಾಕಷ್ಟು ಎಳೆದಾಯಿತೇ ಎಂದು ತಿಳಿಯಲು ಕೈಯನ್ನಲ್ಲ, ಹಾಯಿಯ ಮೇಲ್ಭಾಗವನ್ನು ಕೇಳಬೇಕು. ಎಳೆದಂತೆಲ್ಲ ತುದಿಯ ಹಿಂದಂಚಿನಲ್ಲಿ ಸುಕ್ಕಿನಂಥ ಒಂದು ಸಡಿಲು ಮೂಡುತ್ತದೆ. ಹಲವು ಹಾಯಿಗಳಲ್ಲಿ ಅದು ಎಲ್ಲಿಯವರೆಗೆ ಬರಬೇಕೆಂದು ಗುರುತು ಇರುತ್ತದೆ. ಹಗುರ ಗಾಳಿಗೆ ಒಳಗಿನ ಗುರುತು ಮುಟ್ಟುವಷ್ಟು ಬೇಡ, ಜೋರು ಗಾಳಿಗೆ ಪೂರ್ತಿ ಒಳಗಿನ ಗುರುತಿನವರೆಗೆ. ಹೊಸಬರಿಗೆ ಈ ಜೋಲು ಕಂಡರೆ ಏನೋ ಕೆಟ್ಟುಹೋದಂತೆ ಅನ್ನಿಸಿ ಹಗ್ಗ ಸಡಿಲಿಸುತ್ತಾರೆ. ಸಡಿಲಿಸಬೇಡಿ. ಬೀಸಿನ ಹೊಡೆತ ಅಲ್ಲಿಂದಲೇ ಸೋರಿಹೋಗಬೇಕು. ಹಾಯಿಗೆ ಅಡ್ಡಲಾಗಿ ತೂರಿಸಿರುವ ಬ್ಯಾಟನ್ ಕಡ್ಡಿಗಳನ್ನೂ ನೋಡಿ: ಬೂಮ್ ಹತ್ತಿರದ ಬ್ಯಾಟನ್ನಿನ ಮುಂತುದಿ ಮಾಸ್ಟ್‌ನ ಅರ್ಧ ಅಗಲಕ್ಕಿಂತ ಮುಂದೆ ಚಾಚಿದ್ದರೆ ಡೌನ್‌ಹಾಲ್ ಇನ್ನೂ ಕಡಿಮೆಯಿದೆ.

ಬೂಮ್ ತುದಿಗೆಳೆಯುವ ಔಟ್‌ಹಾಲ್ ಕೊನೆಗೆ. ಹಾಯಿ ತನ್ನಷ್ಟಕ್ಕೆ ನಿಂತ ಜಾಗದಿಂದ ಒಂದೆರಡು ಸೆಂ.ಮೀ. ಎಳೆದರೆ ಸಾಕು, ಗಾಳಿ ಹೆಚ್ಚಿದರೆ ಇನ್ನೊಂದು. ಡೌನ್‌ಹಾಲಿನ ಕೊರತೆಯನ್ನು ಔಟ್‌ಹಾಲ್ ತುಂಬಲಾರದು. ಬಿಚ್ಚುವಾಗ ಕ್ರಮ ತಿರುಗುಮುರುಗು: ಮೊದಲು ಔಟ್‌ಹಾಲ್, ಆಮೇಲೆ ಡೌನ್‌ಹಾಲ್.

ಹೊರುವಾಗ, ಇಡುವಾಗ, ಸಾಗಿಸುವಾಗ

ಜೋರು ಗಾಳಿಯಲ್ಲಿ ಗಾಯಗಳಾಗುವುದು ನೀರಿನ ಮೇಲೆ ಮಾತ್ರವಲ್ಲ. ಕಟ್ಟಿದ ಹಾಯಿಯನ್ನು ಹೊರುವಾಗ ಮಾಸ್ಟ್ ಸದಾ ಗಾಳಿ ಬರುವ ಕಡೆ ಇರಬೇಕು. ಒಂದು ಕೈ ಮಾಸ್ಟ್ ಮೇಲೆ, ಇನ್ನೊಂದು ಬೂಮ್ ಮೇಲೆ. ಗಾಳಿ ಮಾಸ್ಟನ್ನು ದಾಟಿ ಹಾಯಿಯ ಹಿಂದಂಚಿಗೆ ಹರಿದರೆ ಅದು ಹಗುರವಾಗಿ ತೇಲುತ್ತದೆ. ಹಿಂದಂಚು ಗಾಳಿಗೆ ತಿರುಗಿತೋ, ಕೈಯಿಂದ ಕಿತ್ತುಕೊಳ್ಳುತ್ತದೆ. ಆಗ ಹಿಡಿದುಕೊಂಡು ಗುದ್ದಾಡದೆ ಮಾಸ್ಟನ್ನು ಬಿಗಿಹಿಡಿದು ಬೂಮ್ ಬಿಡಿ, ಹಾಯಿ ತಾನಾಗಿ ಗಾಳಿಯ ಹಿಂದಕ್ಕೆ ತಿರುಗಿ ನಿಲ್ಲುತ್ತದೆ.

ಇಡುವಾಗಲೂ ಮಾಸ್ಟ್ ಗಾಳಿಯ ಕಡೆಗೇ. ಹಲಗೆಯಿಂದ ಬಿಡಿಸಿ ಮಲಗಿಸಿ, ಬುಡವನ್ನು ಗೂಟಕ್ಕೋ ಮರಕ್ಕೋ ಕಟ್ಟಿ. ಚಹಾ ಕುಡಿದು ಬರುವಷ್ಟು ಹೊತ್ತಿನಲ್ಲಿ ಕಟ್ಟದ ಹಾಯಿ ಉರುಳಿಕೊಂಡು ಹೋಗಿ ಯಾರ ತಲೆಗೋ, ಯಾರ ಕಾರಿನ ಗಾಜಿಗೋ ಬಡಿಯಬಹುದು.

ಕಾರಿನ ಮೇಲೆ ಹಲಗೆ ಕಟ್ಟಿ ಮೈಸೂರು ಹೆದ್ದಾರಿಯಲ್ಲಿ ಹೊರಟಿದ್ದೀರಿ ಅನ್ನಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಆ ಹಲಗೆಗೆ ತಗಲುವುದು ಬೊಫೋರ್ಟ್ 9ನೇ ಬಲದ ಬಿರುಗಾಳಿ; ಎದುರುಗಾಳಿ ಸೇರಿದರೆ ಇನ್ನೂ ಹೆಚ್ಚು. ಒಂದು ಪ್ಲಾಸ್ಟಿಕ್ ಹಗ್ಗ ಸಾಲದು. ಬಕಲ್ ಇರುವ ಅಗಲ ಪಟ್ಟಿಗಳು ಎರಡು, ಮೂತಿಗೆ ಬೇರೆ ಹಗ್ಗ ಒಂದು. ಹತ್ತು ನಿಮಿಷ ಓಡಿಸಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿ ನೋಡಿ. ಮಾಸ್ಟನ್ನು ಎರಡು ತುಂಡು ಮಾಡಿ ಚೀಲದಲ್ಲಿ ಕಾರಿನೊಳಗೇ ಇಡಬಹುದು, ಆದರೆ ಮುಚ್ಚಿದ ಕಾರನ್ನು ಬಿಸಿಲಿನಲ್ಲಿ ಬಿಟ್ಟುಹೋಗಬೇಡಿ. ಬಿಸಿ ಮಾಸ್ಟ್‌ನ ಪದರಗಳನ್ನು ಹಿಡಿದಿಡುವ ರಾಳವನ್ನು ಕೆಡಿಸುತ್ತದೆ.

ನೀರಿನ ಮೇಲೆ ಗಾಳಿ ಏರಿದರೆ

ಇಳಿಯುವ ಮೊದಲೇ ಗಾಳಿ ನಿಮ್ಮನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂದು ನೋಡಿ. ಗಾಳಿ ಬೀಸಿ ಹೋಗುವ ಕಡೆ ಅಣೆಕಟ್ಟಿನ ಗೋಡೆ, ತೂಬು, ಕ್ರೆಸ್ಟ್ ಗೇಟು ಇದ್ದರೆ ಅಂದು ಇಳಿಯುವ ಮಾತೇ ಇಲ್ಲ. ದಾರಿಯಿಲ್ಲದ ಕಾಡುದಡವಿದ್ದರೂ ಬೇಡ. ಹಲಗೆಗೂ ಮಾಸ್ಟ್‌ಗೂ ನಡುವಿನ ರಬ್ಬರ್ ಕೀಲನ್ನು ಬಾಗಿಸಿ ನೋಡಿ. 1968ರಲ್ಲಿ ಅಮೆರಿಕದ ಜಿಮ್ ಡ್ರೇಕ್ ಮತ್ತು ಹೊಯ್ಲ್ ಶ್ವೈಟ್ಜರ್ ಪೇಟೆಂಟಿಗೆ ಅರ್ಜಿ ಹಾಕಿದ ಈ ಆಟದ ಜೀವಾಳವೇ ಎಲ್ಲ ದಿಕ್ಕಿಗೂ ತಿರುಗುವ ಆ ಕೀಲು. ಅದರಲ್ಲಿ ಕೂದಲೆಳೆಯ ಬಿರುಕು ಕಂಡರೂ ಬದಲಿಸಿ. ಅದು ನಡುನೀರಿನಲ್ಲಿ ತುಂಡಾದರೆ ಹಾಯಿ ಒಂದು ಕಡೆ, ಹಲಗೆ ಒಂದು ಕಡೆ. ಲೈಫ್ ಜಾಕೆಟ್ ಈಜು ಬಲ್ಲವರಿಗೂ ಕಡ್ಡಾಯ.

ಬೀಸು ಬಂದಾಗ ಹಿಂಗೈ ಸಡಿಲಿಸಿದರೆ ಹಾಯಿ ಗಾಳಿಯನ್ನು ಚೆಲ್ಲುತ್ತದೆ. ಅದೂ ಸಾಲದಿದ್ದರೆ ಹಾಯಿಯನ್ನು ನೀರಿಗೆ ಬಿಟ್ಟುಬಿಡಿ, ಬಿದ್ದ ಹಾಯಿ ಲಂಗರಿನ ಕೆಲಸ ಮಾಡುತ್ತದೆ. ಪದೇ ಪದೇ ಹೀಗಾದರೆ ದಡಕ್ಕೆ ಬಂದು ಡೌನ್‌ಹಾಲ್ ಇನ್ನೊಂದೆರಡು ಸೆಂ.ಮೀ. ಎಳೆಯಿರಿ, ಔಟ್‌ಹಾಲ್ ಒಂದು ಸೆಂ.ಮೀ., ಮಾಸ್ಟ್‌ನ ಬುಡವನ್ನು ಹಲಗೆಯ ಮೇಲಿನ ಸೀಳಿನಲ್ಲಿ ತುಸು ಮುಂದಕ್ಕೆ ಸರಿಸಿ, ಬೂಮ್ ಸ್ವಲ್ಪ ತಗ್ಗಿಸಿ. ಇಷ್ಟಾದರೂ ಹತೋಟಿಗೆ ಬರದಿದ್ದರೆ ಹಾಯಿ ಬದಲಿಸಬೇಕು. ಚಿಕ್ಕ ಹಾಯಿ ಇಲ್ಲದಿದ್ದರೆ ಆ ದಿನದ ಆಟ ಮುಗಿಯಿತು.

ಕೈ ಸೋತು ಮರಳಲಾಗದಿದ್ದರೆ ಹಲಗೆ ಬಿಟ್ಟು ಈಜಬೇಡಿ. ಹಲಗೆ ತೇಲುತ್ತದೆ, ದೂರಕ್ಕೂ ಕಾಣುತ್ತದೆ. ಅದರ ಮೇಲೆ ಕೂತು ಎರಡೂ ಕೈಗಳನ್ನು ಪಕ್ಕದಿಂದ ತಲೆಯ ಮೇಲಕ್ಕೆ ಎತ್ತಿ ಇಳಿಸುತ್ತಿರಿ, ಸಹಾಯ ಬೇಕೆಂಬುದಕ್ಕೆ ಎಲ್ಲ ಕಡೆ ಇದೇ ಸನ್ನೆ. ದಡ ಹತ್ತಿರವಿದ್ದರೆ ಹಾಯಿಯನ್ನು ಹಲಗೆಯ ಹಿಂಭಾಗಕ್ಕೆ ಅಡ್ಡಲಾಗಿ ಮಲಗಿಸಿ, ಎದೆಯ ಮೇಲೆ ಮಲಗಿ ಕೈಯಿಂದ ನೀರು ಹಿಂದಕ್ಕೆ ತಳ್ಳುತ್ತಾ ಬನ್ನಿ. ಇದನ್ನು ಗಾಳಿಯಿಲ್ಲದ ದಿನವೇ ಅಭ್ಯಾಸ ಮಾಡಿಟ್ಟುಕೊಳ್ಳಬೇಕು.

ಹಣ ಯಾವುದಕ್ಕೆ ಮೊದಲು?

ತರಬೇತಿ ಶಿಬಿರದಲ್ಲಿ ಅವರದೇ ಸಾಮಾನು ಬಳಸಿ ಕಲಿಯುವವರೆಗೆ ಏನನ್ನೂ ಕೊಳ್ಳಬೇಡಿ. ಆಮೇಲೆ ಮೊದಲ ಹಣ ಲೈಫ್ ಜಾಕೆಟ್‌ಗೆ. ಎರಡನೆಯದು ಒಂದು ಹಾಯಿ ಮತ್ತು ಅದಕ್ಕೆಂದೇ ಹೇಳಿದ ಮಾಸ್ಟ್, ಎಕ್ಸ್‌ಟೆನ್ಷನ್ ಸಮೇತ, ಒಂದೇ ಸಲಕ್ಕೆ. ಹಾಯಿ ಅಗ್ಗಕ್ಕೆ ಸಿಕ್ಕಿತು, ಮಾಸ್ಟ್ ಆಮೇಲೆ ನೋಡೋಣ ಎನ್ನುವುದೇ ದುಬಾರಿ ದಾರಿ. ಎರಡನೆಯ ಹಾಯಿ ಕೊಳ್ಳುವಾಗ ಅದೇ 400ರ ಮಾಸ್ಟ್ ಮೇಲೆ ಕೂರುವ, ಮೊದಲನೆಯದಕ್ಕಿಂತ ಚಿಕ್ಕದಾದ ಒಂದನ್ನು ಆರಿಸಿದರೆ ಒಂದೇ ಕಂಬಕ್ಕೆ ಎರಡು ಗಾಳಿ ದಕ್ಕಿದಂತೆ. ಹಲಗೆಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಅದು ಶಿಬಿರಗಳಲ್ಲಿ ಬಾಡಿಗೆಗೂ ಸಿಗಬಹುದು. ನಿಮ್ಮ ತೂಕಕ್ಕೂ ನಮ್ಮ ಬೆಟ್ಟಗಾಳಿಗೂ ಹೊಂದುವ ಹಾಯಿ–ಮಾಸ್ಟ್ ಜೋಡಿ ಮಾತ್ರ ನೀವೇ ಅಳೆದು, ಕಟ್ಟಿ, ಪಳಗಿಸಿಕೊಂಡದ್ದಾಗಿರಬೇಕು.